ಮೊದಲ ಬಟ್ಟಲು

ಈ ಸಲ ಮೊದಲ ಬಟ್ಟಲು ನಮ್ಮವ್ವನಿಗೆ ಅಂತ ಮ್ಯಾನೇಜರು ಬಂದು ಹೇಳಿದಾಗ ನಮ್ಮ ಸಾಲಿನವರೆಲ್ಲ ಹಿಗ್ಗಿ ಹೀರೇಕಾಯಿ ಆದರು. ನನಗೆ ಮಾತ್ರ ಎದೆ ಧಸಕ್ಕೆಂದಿತು.

ನಾವು ಬಾಟಲಿ ತೊಳೆಯುವವರು. ಸಾರಾಯಿ ಕಾರ್ಖಾನೆಯ ಹಿಂದಿನ ಗೋಡೆಗೆ ಅಂಟಿಕೊಂಡಿರುವ ತಗಡಿನ ಮನೆಗಳ ಸಾಲು ನಮ್ಮದು. ಜನ ಕುಡಿದು ಬಿಸಾಡಿದ ಬಾಟಲಿಗಳು ಗೋಣಿಚೀಲದಲ್ಲಿ ಬರುತ್ತವೆ. ಒಳಗೆ ಸಿಗರೇಟಿನ ತುಂಡು, ಉಗುಳು, ಸತ್ತ ಜಿರಲೆ. ಒಮ್ಮೊಮ್ಮೆ ಉಚ್ಚೆ. ಅವನ್ನು ಸೋಡಾಖಾರದ ನೀರಿಗೆ ಅದ್ದಿ, ಬ್ರಷ್ ತೂರಿಸಿ ತಿರುವಿ, ಫಳಫಳ ಮಾಡಿ ಕೊಡಬೇಕು. ನನ್ನ ಅಂಗೈ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುತ್ತದೆ. ಅತ್ತಿಗೆಯ ಹೆಬ್ಬೆರಳಿಗೆ ಉಗುರೇ ಇಲ್ಲ. ನಾವು ತೊಳೆದ ಬಾಟಲಿಗೆ ಬಾಯಿಟ್ಟು ಕುಡಿಯುತ್ತಾರೆ, ನಾವು ಮುಟ್ಟಿದ ನೀರಿನ ಕೊಡ ಮಾತ್ರ ಅವರಿಗೆ ಆಗುವುದಿಲ್ಲ. ನಮಗೆ ಹಿಂಬಾಗಿಲು. ನಮಗೆ ಬೇರೆ ಲೋಟ. ಆಫೀಸಿನ ಕುರ್ಚಿ ಒರೆಸುವವರು ನಾವು, ಕೂರುವವರು ಅವರು.

ಹೊಸ ಮಾಲು ಇಳಿಸಿದಾಗ ಮಾತ್ರ ನಮ್ಮ ಸಾಲಿನ ಹಿರೀ ಜೀವಕ್ಕೆ ಮುಂಬಾಗಿಲಿನಿಂದ ಕರೆ ಬರುತ್ತದೆ. ಯಜಮಾನರ ಅಜ್ಜನ ಕಾಲದ ಪದ್ಧತಿಯಂತೆ. ಅಂಗಳದ ನಡುವೆ ಕುರ್ಚಿ ಹಾಕಿ ಕೂರಿಸುತ್ತಾರೆ. ಬೆಳ್ಳಿ ಬಟ್ಟಲಿನಲ್ಲಿ ಹೊಸ ಸಾರಾಯಿ ತುಂಬಿ ಕೊಡುತ್ತಾರೆ. ಎಲ್ಲರೆದುರು ಒಂದು ತೊಟ್ಟೂ ಬಿಡದೆ ಕುಡಿಯಬೇಕು. ಆಮೇಲೆ ಮಾರನೆಯ ದಿನದವರೆಗೆ ಮುಂದಿನ ಕೋಣೆಯಲ್ಲಿ ಮೆತ್ತನೆ ಹಾಸಿಗೆ, ಊಟ, ಉಪಚಾರ. ಮಾರನೆಯ ದಿನ ಮತ್ತೆ ಅದೇ ಕುರ್ಚಿ. ಕೈಗೆ ಒಂದು ಸೂಜಿ, ಒಂದು ದಾರ. ಪೋಣಿಸಿದರೆ ಚಪ್ಪಾಳೆ. ಮೊದಲ ಕ್ಯಾನು ನಮ್ಮ ಸಾಲಿಗೆ, ಆಮೇಲೆ ಬಂದ ವ್ಯಾಪಾರಿಗಳಿಗೆ, ಆಮೇಲೆ ಲಾರಿಗಳಿಗೆ. ಹಿರಿಯರು ದಾರ ಪೋಣಿಸಿದರೆ ವ್ಯಾಪಾರ ಎಲ್ಲೂ ಹರಿಯುವುದಿಲ್ಲ, ಹೊಲಿದುಕೊಂಡೇ ಹೋಗುತ್ತದೆ ಅನ್ನುತ್ತಾರೆ ಯಜಮಾನರು. ನಮ್ಮವರು ಹೌದೌದು ಅಂತ ತಲೆಯಾಡಿಸುತ್ತಾರೆ.

ನಾನೂ ಆಡಿಸಿದ್ದೆ. ಹಿಂದೊಂದು ಸಲ ಕೊನೆಮನೆಯ ಅಜ್ಜಿಗೆ ದಾರ ಪೋಣಿಸಲು ಆಗಲಿಲ್ಲ. ಆ ಮಾಲನ್ನು ಸದ್ದಿಲ್ಲದೆ ಚರಂಡಿಗೆ ಬಿಟ್ಟರು. ಅಜ್ಜಿ ಅಂದಿನಿಂದ ಗೋಡೆ ತಡವಿಕೊಂಡು ನಡೆದಳು. ವಯಸ್ಸಾಯಿತಲ್ಲ, ಕಣ್ಣು ಹೋಗದೆ ಇರುತ್ತದೆಯೇ ಅಂದರು. ಒಂದೇ ಒಂದು ದಿನದಲ್ಲಿ ಕಣ್ಣು ಕೀಳುವ ವಯಸ್ಸು ಅದ್ಯಾವುದು ಅಂತ ಯಾರೂ ಕೇಳಲಿಲ್ಲ.

ಈ ಸಲ ನನಗೆ ಭಯ ಹತ್ತಿದ್ದು ಡ್ರಮ್ಮುಗಳಿಂದ. ಎಂದೂ ಕಾಣದ ನೀಲಿ ಡ್ರಮ್ಮುಗಳು ಬಂದವು. ಮೇಲೆ ಅಂಟಿಸಿದ್ದ ಚೀಟಿಯನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದರು. ಒಳಗಿದ್ದುದನ್ನು ದೊಡ್ಡ ತೊಟ್ಟಿಗೆ ಸುರಿದ ಮೇಲೆ ಖಾಲಿ ಡ್ರಮ್ಮು ತೊಳೆಯಲು ನನಗೆ ಕೊಟ್ಟರು. ತಲೆ ಒಳಗೆ ಹಾಕಿ ಉಜ್ಜುತ್ತಿದ್ದೆ. ತಲೆ ಗಿರ್ರೆಂದಿತು. ಅದರಲ್ಲಿ ಏನಿತ್ತೋ ನನಗೇನು ಗೊತ್ತು, ನಾನೇನು ಓದಿದವಳೇ? ಆದರೆ ಆವತ್ತು ಸಂಜೆ ಲಾರಿ ಡ್ರೈವರು ತೊಟ್ಟಿಯ ನಲ್ಲಿಯ ಹತ್ತಿರ ಸುಳಿಯಲಿಲ್ಲ. ಕದ್ದು ಒಂದು ಲೋಟ ಹಿಡಿಯದೆ ಮನೆಗೆ ಹೋದವನಲ್ಲ ಆತ.

"ಏನಣ್ಣಾ, ಇವತ್ತು ಉಪವಾಸನಾ?" ಅಂದೆ.

"ಹೊಟ್ಟೆ ಸರಿ ಇಲ್ಲಮ್ಮಾ," ಅಂದ. ನನ್ನ ಮುಖ ನೋಡಲಿಲ್ಲ.

ಕಾವಲಿನವನನ್ನು ಕೇಳಿದೆ. ಅವನಿಗೂ ಹೊಟ್ಟೆ ಸರಿ ಇಲ್ಲ. ಗುಮಾಸ್ತನಿಗೂ ಸರಿ ಇಲ್ಲ. ಮುಂಬಾಗಿಲಿನವರ ಹೊಟ್ಟೆಗಳೆಲ್ಲ ಮಾತಾಡಿಕೊಂಡು ಒಂದೇ ದಿನ ಕೆಟ್ಟಿದ್ದವು. ನಮಗೆ ಯಾರೂ ಏನೂ ಹೇಳಲಿಲ್ಲ. ಹೇಳಿದ್ದು ಒಂದೇ, ಮೊದಲ ಬಟ್ಟಲು ನಿಮ್ಮವ್ವನಿಗೆ.

ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ, ಕಿತ್ತು, ಮತ್ತೆ ಪೋಣಿಸುತ್ತಿದ್ದಳು. ಅವಳು ಮೊದಲು ಗೋಣಿಚೀಲ ಹೊಲಿಯುತ್ತಿದ್ದವಳು. ಎರಡು ಕಣ್ಣಿಗೂ ಪೊರೆ ಬಂದು ಎಲ್ಲ ಮಬ್ಬು ಮಬ್ಬು. ಮನುಷ್ಯರನ್ನು ಗುರುತು ಹಿಡಿಯುತ್ತಿದ್ದಳು, ಸೂಜಿಯ ತೂತು ಕಾಣುತ್ತಿರಲಿಲ್ಲ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಚೂಪು ಮಾಡಿ, ಹೆಬ್ಬೆರಳಿನ ಮೇಲೆ ಸೂಜಿಯ ತೂತು ಹುಡುಕಿ ತಳ್ಳುವಳು. ಕಣ್ಣು ಬೇಕಾಗಿಯೇ ಇರಲಿಲ್ಲ. ಪೊರೆಯ ವಿಷಯ ನನಗೆ, ಅತ್ತಿಗೆಗೆ ಮಾತ್ರ ಗೊತ್ತು. ಕಣ್ಣು ಮಂಜಾಗಿದೆ ಅಂದರೆ ಕೆಲಸದಿಂದ ತೆಗೆಯುತ್ತಾರೆ, ಈಗಂತೂ ಕುರ್ಚಿ ಸಾಲಿನಲ್ಲಿ ಅವ್ವನ ನಂತರದ ಹಿರಿಯ ಕೆಮ್ಮಜ್ಜನ ಪಾಲಾಗುತ್ತದೆ.

"ಅವ್ವಾ, ನೀನು ಹೋಗ್ಬೇಡ. ಆ ಮಾಲು ಸರಿ ಇಲ್ಲ," ಅಂದೆ.

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅದಕ್ಕೇ ಭಯ."

"ನಿಂದೊಂದು! ಹಗ್ಗ ಕಂಡ್ರೂ ಹಾವು ಅಂತೀಯ."

"ಅವರು ನಿನ್ನ ಮರ್ಯಾದೆ ಮಾಡ್ತಿಲ್ಲವ್ವ. ನೀನು ಸಾಯ್ತೀಯಾ ಬದುಕ್ತೀಯಾ ಅಂತ ನೋಡ್ತಾರೆ. ಕೊನೆಮನೆ ಅಜ್ಜಿ ಕಣ್ಣು ಹೆಂಗೆ ಹೋಯ್ತು? ಸೂಜಿ ಯಾಕೆ ಕೊಡ್ತಾರೆ, ಯೋಚನೆ ಮಾಡು!"

ಅವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಅವಳಿಗೂ ಹೊಳೆದಿರಬೇಕು. ಆಮೇಲೆ ಸಿಡುಕಿದಳು.

"ಹುಟ್ಟಿದಾಗಿಂದ ನೆಲದ ಮೇಲೇ ಕೂತೆ. ನಿಮ್ಮಪ್ಪನೂ ನೆಲದ ಮೇಲೇ ಕೂತು ಸತ್ತ. ಒಂದು ದಿನ ನಾನು ಕುರ್ಚಿ ಮೇಲೆ ಕೂತ್ರೆ ನಿಂಗೆ ಹೊಟ್ಟೆ ಉರಿನಾ? ಆಗಲ್ಲ ಅಂದ್ರೆ ಮ್ಯಾನೇಜರು ಸುಮ್ನಿರ್ತಾನಾ? ಸಾಲನ್ನೇ ಖಾಲಿ ಮಾಡಿಸ್ತಾನೆ. ಈ ಮಕ್ಕಳನ್ನೆಲ್ಲ ಎಲ್ಲಿಗೆ ಕರ್ಕೊಂಡು ಹೋಗ್ತೀಯ?"

ಭಯಕ್ಕೆ ಭಯವೇ ಉತ್ತರ ಕೊಟ್ಟ ಮೇಲೆ ಮಾತು ಎಲ್ಲಿ ಉಳಿಯುತ್ತದೆ?

ಮಾರನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಕುರ್ಚಿ ಹಾಕಿದರು. ಒಂದು ಕಡೆ ವ್ಯಾಪಾರಿಗಳು, ದೂರದಿಂದ ಬಂದವರು, ಇಸ್ತ್ರಿ ಮುರಿಯದ ಬಟ್ಟೆಯವರು. ಇನ್ನೊಂದು ಕಡೆ ಗೋಡೆಗೊರಗಿ ನಾವು. ಅವ್ವ ಕುರ್ಚಿಯ ತುದಿಯಲ್ಲಿ ಕೂತಳು. ಹಿಂದಕ್ಕೆ ಒರಗಲು ಅವಳಿಗೆ ಗೊತ್ತಾಗಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದಳು.

ಯಜಮಾನರು ಮಾತಾಡಿದರು. ದೇಶ ಸುತ್ತಿದವರು, ಮಾತಿಗೇನು ಬರ. ಒಂದು ದೇಶದಲ್ಲಿ ಲೋಟಕ್ಕೆ ಲೋಟ ತಾಗಿಸಿ ಕುಡಿಯುತ್ತಾರಂತೆ. ಇನ್ನೊಂದು ಕಡೆ ತಾನೇ ಬಗ್ಗಿಸಿಕೊಂಡು ಕುಡಿಯುವುದು ಅವಮಾನವಂತೆ, ಪಕ್ಕದವನು ಬಗ್ಗಿಸಬೇಕಂತೆ. ಮತ್ತೊಂದು ಕಡೆ ದೊಡ್ಡವರೆದುರು ಮುಖ ತಿರುಗಿಸಿ ಕುಡಿಯಬೇಕಂತೆ. ಕೆಲವು ಕಡೆ ನೆಲಕ್ಕೆ ನಾಲ್ಕು ಹನಿ ಚೆಲ್ಲಿ ಸತ್ತವರಿಗೆ ಅಂತ ಬಿಡುತ್ತಾರಂತೆ. "ಆದರೆ ಕೆಲಸದವರಿಗೆ ಮೊದಲು ಕೊಟ್ಟು ಆಮೇಲೆ ತಾವು ಕುಡಿಯೋ ಮನೆ ಜಗತ್ತಲ್ಲಿ ನಮ್ಮದೊಂದೇ!" ಅಂದರು. ವ್ಯಾಪಾರಿಗಳು ಚಪ್ಪಾಳೆ ತಟ್ಟಿದರು. ನಮ್ಮವರೂ ತಟ್ಟಿದರು.

ನಾನು ಕೂಗಬೇಕು ಅಂದುಕೊಂಡೆ. ಅವ್ವ ಹೇಳಿದ ಮಕ್ಕಳ ಮಾತು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಅತ್ತಿಗೆ ನನ್ನ ರಟ್ಟೆ ಹಿಡಿದುಕೊಂಡಿದ್ದಳು. ಅವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದಳು. ಮೂಗಿನ ಹತ್ತಿರ ಬಂದಾಗ ಒಂದು ಕ್ಷಣ ತಡೆದಳು. ಮ್ಯಾನೇಜರು ಕೆಮ್ಮಿದ. ಅವಳು ಕಣ್ಣು ಮುಚ್ಚಿ ಗಟಗಟ ಕುಡಿದುಬಿಟ್ಟಳು.

ಆಮೇಲೆ ಅವಳನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋದರು. ನಮಗೆ ಅಲ್ಲಿಗೆ ಪ್ರವೇಶವಿಲ್ಲ. ಆ ರಾತ್ರಿ ನನ್ನ ಕಣ್ಣಿಗೆ ರೆಪ್ಪೆ ಅಂಟಲಿಲ್ಲ.

ಬೆಳಗ್ಗೆ ಕೆಲಸಕ್ಕೆ ಕೂತೆ. ಕೈಯಲ್ಲಿ ಹಿಡಿದ ಬಾಟಲಿ ಒಡೆದು ಅಂಗೈ ಕೊಯ್ದಿತು. ನೋವೇ ಗೊತ್ತಾಗಲಿಲ್ಲ. ಆ ಕೋಣೆ ಗುಡಿಸಲು ಅತ್ತಿಗೆಯನ್ನು ಕರೆದಿದ್ದರು. ಅವಳು ಪೊರಕೆ ಹಿಡಿದುಕೊಂಡೇ ಓಡಿ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅತ್ತೆ ತುಂಬಾ ವಾಂತಿ ಮಾಡ್ಕೊಂಡಿದ್ದಾರೆ ಕಣೇ. ತಲೆ ಸಿಡೀತಿದೆ ಅಂತಾರೆ. ನಾನು ಎದುರಿಗೇ ನಿಂತಿದ್ದೀನಿ, ಯಾರಮ್ಮಾ ನೀನು ಅಂತ ಕೇಳಿದ್ರು!"

"ಮ್ಯಾನೇಜರಿಗೆ ಹೇಳಿದ್ಯಾ?"

"ಹೇಳಿದೆ. ವಯಸ್ಸಾದೋರು, ಅಭ್ಯಾಸ ಇಲ್ಲ, ನಿಂಬೆಹಣ್ಣಿನ ನೀರು ಕೊಡು ಅಂದ. ಅತ್ತೆ ನನ್ನ ಕೈ ಹಿಡ್ಕೊಂಡು, ಯಾರಿಗೂ ಹೇಳ್ಬೇಡ, ಸೂಜಿ ಒಂದು ಆಗ್ಲಿ ಅಂದ್ರು."

ಆಗ ನನಗೆ ಅರ್ಥವಾಯಿತು. ಅವ್ವನ ಕಣ್ಣು ಹೋಗಿದೆ. ಆದರೂ ಅವಳು ದಾರ ಪೋಣಿಸುತ್ತಾಳೆ. ಅವಳ ಬೆರಳು ಪೋಣಿಸುತ್ತದೆ. ಮಾಲು ಚೆನ್ನಾಗಿದೆ ಅಂತಾಗುತ್ತದೆ. ಮೊದಲ ಕ್ಯಾನು ನಮ್ಮ ಸಾಲಿಗೆ. ನನ್ನ ಅಣ್ಣ ಆಗಲೇ ಲೋಟ ತೊಳೆದಿಟ್ಟುಕೊಂಡಿದ್ದ.

ನಾನು ಓಡಿದೆ. ಹಿಂಬಾಗಿಲಿನಿಂದ ಮುಂಬಾಗಿಲಿಗೆ ಹೋಗುವ ಹಾದಿಯಲ್ಲಿ ಓಡಿದ್ದು ಅದೇ ಮೊದಲು. ಕಾವಲಿನವನು ಅಡ್ಡ ಬಂದ. ರಕ್ತ ಸುರಿಯುವ ಕೈ ಕಂಡು ಹಿಂದೆ ಸರಿದ. ನನ್ನನ್ನು ಮುಟ್ಟಲು ಅವನಿಗೆ ಹೇಸಿಗೆ. ಆವತ್ತು ಅದೊಂದು ಉಪಕಾರಕ್ಕೆ ಬಂತು.

ಅಂಗಳದಲ್ಲಿ ಆಗಲೇ ಎಲ್ಲ ಸೇರಿದ್ದರು. ನಮ್ಮವರು ಲೋಟ, ಚೊಂಬು, ತಂಬಿಗೆ ಹಿಡಿದು ಸಾಲು ನಿಂತಿದ್ದರು. ಅವ್ವ ಕುರ್ಚಿಯ ಮೇಲೆ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಸೂಜಿ. ತುಟಿಯ ನಡುವೆ ದಾರದ ತುದಿ. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಬ್ಬೆರಳು ಒಮ್ಮೆ ಅಲುಗಿತು, ದಾರ ಒಳಗೆ ಹೋಯಿತು. ಅವ್ವ ಸೂಜಿಯನ್ನು ಮೇಲಕ್ಕೆತ್ತಿ ಹಿಡಿದಳು. ಯಜಮಾನರ ಕಡೆಗಲ್ಲ, ಖಾಲಿ ಗೋಡೆಯ ಕಡೆಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಕ್ಯಾನಿನ ಮುಚ್ಚಳ ತಿರುಗಿಸಿದ.

"ನಿಲ್ಸಿ!" ಅಂದೆ. ಆ ದನಿ ನನ್ನದು ಅಂತ ನನಗೇ ಗೊತ್ತಾಗಲಿಲ್ಲ. "ಯಾರೂ ಕುಡೀಬೇಡ್ರೋ! ಅವ್ವನಿಗೆ ಕಣ್ಣು ಕಾಣ್ತಿಲ್ಲ!"

"ಯಾರೇ ಅದು? ದಾರ ಪೋಣಿಸಿಲ್ವಾ ಎಲ್ರೆದುರಿಗೆ?" ಅಂತ ಮ್ಯಾನೇಜರು ಗದರಿದ.

"ಅದು ಬೆರಳಿನ ಅಭ್ಯಾಸ. ಕಣ್ಣಲ್ಲ."

"ಸುಳ್ಳು!" ಅಂತ ಕೂಗಿದ್ದು ಅವ್ವ. "ನಂಗೆ ಎಲ್ಲ ಕಾಣುತ್ತೆ. ನನ್ನ ಮಗಳಿಗೆ ತಲೆ ಕೆಟ್ಟಿದೆ, ಮನಸ್ಸಿಗೆ ಹಾಕ್ಕೋಬೇಡಿ ಯಜಮಾನ್ರೇ!" ಅವಳ ದನಿಯಲ್ಲಿದ್ದ ಭಯ ನನ್ನ ಕರುಳನ್ನು ಹಿಂಡಿತು. ಕಣ್ಣು ಹೋಗಿದ್ದಕ್ಕಲ್ಲ ಆ ಭಯ. ನಮ್ಮ ಮನೆಗಳಿಗಾಗಿ.

ನಾನು ಅವಳೆದುರು ಹೋಗಿ ನಿಂತೆ. ಬರಿಗೈ ಅವಳ ಮುಖದೆದುರು ಹಿಡಿದೆ. "ಹಂಗಾದ್ರೆ ಹೇಳವ್ವಾ, ನನ್ನ ಕೈಲಿ ಏನಿದೆ?"

ಅವ್ವ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. ತುಟಿ ಅಲುಗಿತು. "ಬಟ್ಟಲು," ಅಂದಳು. "ಬೆಳ್ಳಿ ಬಟ್ಟಲು."

ನನ್ನ ಕೈಯಿಂದ ಹನಿ ಹನಿ ರಕ್ತ ಬೀಳುತ್ತಿತ್ತು, ಅದನ್ನೂ ಅವಳು ಕಾಣಲಿಲ್ಲ.

ಮ್ಯಾನೇಜರು ಬಗ್ಗಿ ಅವ್ವನ ಕಣ್ಣು ನೋಡಿದ. ಅವನ ಮುಖ ಅರಳಿತು. "ಪೊರೆ! ನೋಡಿ ಸ್ವಾಮಿ, ಪೊರೆ ಬಂದಿದೆ! ಮುದುಕಿ ಮೊದಲೇ ಕುರುಡಿ. ಕುರ್ಚಿ ಆಸೆಗೆ ಮುಚ್ಚಿಟ್ಟಿದ್ದಾಳೆ. ಮಾಲಿಗೇನಾಗಿದೆ?"

ಸಿಟ್ಟು ಬಂತು ನನಗೆ. ಭಯ ಹೋಗಲಿಲ್ಲ, ಭಯದ ಜೊತೆಗೇ ಬಂತು. ಅಲ್ಲೇ ಇದ್ದ ಆ ಬೆಳ್ಳಿ ಬಟ್ಟಲನ್ನು ಕ್ಯಾನಿನಿಂದ ತುಂಬಿಸಿದೆ. ಯಜಮಾನರ ಮುಂದೆ ಹಿಡಿದೆ.

"ಮಾಲಿಗೇನೂ ಆಗಿಲ್ಲ ತಾನೇ? ಕುಡೀರಿ."

ಯಜಮಾನರು ಬಟ್ಟಲನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮ್ಯಾನೇಜರಿನ ಮುಂದೆ ಹಿಡಿದೆ. ಅವನು ಒಂದು ಹೆಜ್ಜೆ ಹಿಂದಕ್ಕೆ ಹೋದ. ವ್ಯಾಪಾರಿಗಳು ಕೈಯಲ್ಲಿದ್ದ ಖಾಲಿ ಲೋಟಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಇವಳ ಹತ್ರ ಏನು ಮಾತು?" ಅಂದ ಮ್ಯಾನೇಜರು. ಬೆವರು ಒರೆಸಿಕೊಂಡ. "ಎಲ್ಲೋ ಕೆಮ್ಮಜ್ಜ? ಬಾರೋ. ಆಮೇಲಿನ ಹಿರಿಯ ನೀನೇ ಅಲ್ವೇನೋ? ನೀನು ಕುಡಿದು ತೋರ್ಸು. ಕುರ್ಚಿ ಇನ್ಮೇಲೆ ನಿಂದೇ."

ಕೆಮ್ಮಜ್ಜ ಸಾಲಿನಿಂದ ಹೊರಗೆ ಬಂದ. ಎಂದೂ ಯಾರಿಗೂ ಎದುರಾಡಿದವನಲ್ಲ. ಕೆಮ್ಮು ಬಂದರೂ ಯಜಮಾನರೆದುರು ಬಾಯಿಗೆ ಬಟ್ಟೆ ತುರುಕಿಕೊಳ್ಳುವವನು. ಕೈಯಲ್ಲಿ ತಂಬಿಗೆ ಇತ್ತು. ಮುಗಿಯಿತು, ಇವನು ಕುಡಿಯುತ್ತಾನೆ ಅಂದುಕೊಂಡೆ.

ಅಜ್ಜ ತಂಬಿಗೆಯನ್ನು ನೆಲದ ಮೇಲೆ ಬೋರಲು ಹಾಕಿದ.

"ನಂಗೂ ಹೊಟ್ಟೆ ಸರಿ ಇಲ್ಲ ಯಜಮಾನ್ರೇ," ಅಂದ.

ಹಿಂದಿನಿಂದ ಅಣ್ಣ, "ನಂಗೂ ಸರಿ ಇಲ್ಲ," ಅಂದ. ಅವನ ಲೋಟ ನೆಲಕ್ಕೆ ಬಿತ್ತು. ನನ್ನ ಹಿಂದೆಯೇ ಓಡಿ ಬಂದಿದ್ದ ಅತ್ತಿಗೆ, "ನಂಗೂ," ಅಂದಳು. ಆಮೇಲೆ ಒಬ್ಬೊಬ್ಬರೇ ಹೇಳುತ್ತಾ ಹೋದರು. ಯಾರ ದನಿಯೂ ಗಟ್ಟಿಯಾಗಿರಲಿಲ್ಲ. ಎಲ್ಲರೂ ಹೆದರಿದ್ದರು. ಹೆದರಿಕೊಂಡೇ ಹೇಳಿದರು.

ಮ್ಯಾನೇಜರು ಏನೇನೋ ಕೂಗಾಡುತ್ತಿದ್ದ. ನಾಳೆಯೇ ಮನೆ ಖಾಲಿ ಮಾಡಿಸುತ್ತೇನೆ ಅಂದ, ಪೊಲೀಸು ಅಂದ. ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಅವ್ವನ ತಲೆ ಒಂದು ಬದಿಗೆ ವಾಲಿತ್ತು. ಉಸಿರು ಗೊರಗೊರ ಅನ್ನುತ್ತಿತ್ತು. ಅಣ್ಣ, ನಾನು, ಅತ್ತಿಗೆ, ಇನ್ನೊಬ್ಬಾಕೆ ಸೇರಿ ಅವಳನ್ನು ಕುರ್ಚಿ ಸಮೇತ ಎತ್ತಿದೆವು. ಲಾರಿಗಳ ನಡುವೆ ನುಗ್ಗಿ ಮುಂದಿನ ಗೇಟಿನಿಂದ ಹೊರಗೆ ಬಂದೆವು.

"ಕುರ್ಚಿ ಬಿಟ್ಟು ಹೋಗ್ರೇ!" ಅಂತ ಕಾವಲಿನವನು ಕೂಗಿದ. ಜೀವ ಹೋಗುತ್ತಿರುವಾಗ ಅವನಿಗೆ ಕುರ್ಚಿಯ ಚಿಂತೆ.

ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಡ್ರಮ್ಮು, ಬಟ್ಟಲು, ವಾಂತಿ, ಕಣ್ಣು. ಅವಳು ಅವ್ವನ ರೆಪ್ಪೆ ಬಿಡಿಸಿ ಟಾರ್ಚು ಹಾಕಿದಳು. ನರ್ಸನ್ನು ಕೂಗಿ ಯಾವುದೋ ಔಷಧಿಯ ಹೆಸರು ಹೇಳಿದಳು. ಖಾಲಿಯಾಗಿದೆ ಅಂದಳು ನರ್ಸು. ಡಾಕ್ಟರಮ್ಮ ಹಣೆ ಒತ್ತಿಕೊಂಡು ನಮ್ಮ ಕಡೆ ತಿರುಗಿದಳು.

"ಎದುರಿಗೆ ಅಂಗಡಿ ಇದೆ. ಒಳ್ಳೆ ಕಂಪನಿದು, ಸೀಲ್ ಒಡೆಯದೆ ಇರೋ ಬ್ರಾಂದಿ ತಗೊಂಡು ಬನ್ನಿ. ಓಡಿ."

"ಬ್ರಾಂದಿನಾ?" ಅಂದ ಅಣ್ಣ.

"ಹೊಟ್ಟೆಗೆ ಹೋಗಿರೋದು ವಿಷ. ಒಳ್ಳೆ ಮದ್ಯ ಕೊಟ್ರೆ ಅದು ಆ ವಿಷ ಮೈಯಲ್ಲಿ ಕೆಲಸ ಮಾಡೋದನ್ನ ತಡೆಯುತ್ತೆ. ದೊಡ್ಡಾಸ್ಪತ್ರೆಯಿಂದ ಗಾಡಿ ಬರೋವರೆಗೂ ನಾನು ಹೇಳಿದ ಅಳತೆಯಲ್ಲಿ ಕುಡಿಸ್ತಾ ಇರ್ಬೇಕು. ಕಣ್ಣಿನ ಮಾತು ಈಗ ಹೇಳಕ್ಕಾಗಲ್ಲ. ಮೊದಲು ಜೀವ ಉಳಿಸೋಣ."

ಅಣ್ಣ ಓಡಿ ಹೋಗಿ ತಂದ. ಡಾಕ್ಟರಮ್ಮ ತಾನೇ ಸೀಲ್ ಒಡೆದು, ಅಳೆದು, ಸ್ಟೀಲ್ ಲೋಟಕ್ಕೆ ಹಾಕಿ ನೀರು ಬೆರೆಸಿದಳು. ನಾನು ಅವ್ವನ ತಲೆ ಎತ್ತಿ ಹಿಡಿದು ಲೋಟ ತುಟಿಗಿಟ್ಟೆ. ವಾಸನೆ ಮೂಗಿಗೆ ಬಡಿದಿದ್ದೇ ತಡ, ಅವ್ವ ಹಲ್ಲು ಕಚ್ಚಿಕೊಂಡಳು. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ಒಲ್ಲೆ."

"ಅವ್ವಾ, ಇದು ಔಷಧಿ."

"ಒಲ್ಲೆ ಅಂದ್ನಲ್ಲ. ಸಾಯಿಸಿದ್ರೂ ಒಲ್ಲೆ. ನೀನು ಹೇಳಿದಾಗ ಕೇಳ್ಲಿಲ್ಲ, ಈಗ ಕೇಳ್ತಿದ್ದೀನಿ. ಇನ್ನೊಂದು ತೊಟ್ಟೂ ನನ್ನ ಬಾಯಿಗೆ ಬೀಳಬಾರ್ದು."

ಅಯ್ಯೋ ನನ್ನವ್ವಾ. ಜೀವಮಾನದಲ್ಲಿ ಒಮ್ಮೆಯೂ ಒಲ್ಲೆ ಅನ್ನದವಳು. ಯಾರು ಏನು ಕೊಟ್ಟರೂ ಎರಡು ಕೈಯಲ್ಲಿ ತೆಗೆದುಕೊಂಡವಳು. ಕೊನೆಗೂ ಒಲ್ಲೆ ಅಂದಿದ್ದು ಇದಕ್ಕೆ, ಬದುಕಿಸುವ ಲೋಟಕ್ಕೆ.

ಅಣ್ಣ ಕೈ ಮುಗಿದ. ಅತ್ತಿಗೆ ಅತ್ತಳು. ನರ್ಸು ದವಡೆ ಹಿಡಿದು ಬಾಯಿ ತೆರೆಸಲು ನೋಡಿದಳು. ಅವ್ವ ಕೈ ಕೊಡವಿ ಕಿರುಚಿದಳು, ಉಸಿರು ಸಿಕ್ಕಿಕೊಂಡಿತು. "ಹಂಗೆ ಬಲವಂತ ಮಾಡಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ," ಅಂತ ಡಾಕ್ಟರಮ್ಮ ತಡೆದಳು. "ಟೈಮಿಲ್ಲಮ್ಮ. ಹೇಗಾದ್ರೂ ಒಪ್ಪಿಸು."

ನಾನು ಸಾರಾಯಿಯ ವಾಸನೆಯಲ್ಲೇ ಬೆಳೆದವಳು. ಆದರೂ ಎಂದೂ ಒಂದು ಹನಿ ನಾಲಿಗೆಗೆ ಇಟ್ಟವಳಲ್ಲ. ಆ ಕ್ಷಣದಲ್ಲಿ ಆ ಲೋಟ ನೋಡಿದರೆ ನನಗೂ ನಂಬಿಕೆ ಹುಟ್ಟಲಿಲ್ಲ. ಸೀಲ್ ಇದ್ದರೇನು, ಕಂಪನಿ ಯಾವುದಾದರೇನು. ಎಲ್ಲೋ ಯಾವುದೋ ಅಂಗಳದಲ್ಲಿ ಇದಕ್ಕೂ ಯಾರೋ ಮುದುಕಿ ಕೂತಿದ್ದಳೋ ಏನೋ, ಯಾರು ಕಂಡರು?

ಅವ್ವನ ಕೈ ತೆಗೆದು ನನ್ನ ಗಂಟಲ ಮೇಲೆ ಇಟ್ಟುಕೊಂಡೆ. ಲೋಟ ಎತ್ತಿ ಒಂದು ಗುಟುಕು ಕುಡಿದೆ. ಬೆಂಕಿ ಇಳಿದ ಹಾಗೆ ಇಳಿಯಿತು. ನನ್ನ ಗಂಟಲು ಮೇಲೆ ಕೆಳಗೆ ಆಗಿದ್ದು ಅವಳ ಬೆರಳಿಗೆ ಸಿಕ್ಕಿತು.

"ಏನೇ ಮಾಡ್ದೆ?" ಅಂತ ಬೆಚ್ಚಿದಳು. "ನೀನ್ಯಾಕೆ ಕುಡಿದೆ? ಉಗುಳೇ! ನಿಂಗೇನಾದ್ರೂ ಆದ್ರೆ?"

"ಏನಾದ್ರೂ ಇದ್ರೆ ಮೊದಲು ನಂಗಾಗ್ಲಿ," ಅಂದೆ.

ಅವ್ವ ನನ್ನ ಗಂಟಲಿನಿಂದ ಕೈ ತೆಗೆಯಲಿಲ್ಲ. ನನ್ನ ಕೆನ್ನೆ ತಡವಿದಳು, ರೆಪ್ಪೆ ತಡವಿದಳು. ಅವಳ ಕಣ್ಣಿಂದ ನೀರು ಇಳಿಯಿತು. ಆಮೇಲೆ ಗೋಡೆಯ ಕಡೆಗಿದ್ದ ಮುಖವನ್ನು ನನ್ನ ಕಡೆಗೆ ತಿರುಗಿಸಿ ಬಾಯಿ ತೆರೆದಳು.